ಕೊಟ್ಟ ಚರಂಡಿ, ಬಿಡಿಸಿಕೊಂಡ ದಾರಿ: ಮಂಗಳೂರಿನ ಒಂದು ದಸ್ತಾವೇಜು ಕಚೇರಿಯ ಸೇವೆ ಹೇಗಿದೆ?

ಮಂಗಳೂರಿನ ಹಂಪನಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ವಕೀಲರು, ಒಬ್ಬ ಹಿರಿಯ ದಸ್ತಾವೇಜು ಬರಹಗಾರರು ಮತ್ತು ಒಬ್ಬ ಪರವಾನಿಗೆ ಪಡೆದ ಸರ್ವೇಯರ್ ಸೇರಿ ನಡೆಸುವ ಸಣ್ಣ ಕಚೇರಿಯೊಂದಿದೆ. ನಮ್ಮ ಕುಟುಂಬವು ಇತ್ತೀಚೆಗೆ ಈ ಕಚೇರಿಯಿಂದ ಎರಡು ದಸ್ತಾವೇಜುಗಳನ್ನು ಮಾಡಿಸಿಕೊಂಡಿತು. ಮೊದಲನೆಯದು, ನಮ್ಮ ಹಿತ್ತಿಲಿನ ಕೆಳ ಅಂಚಿನಲ್ಲಿ ಒಳಚರಂಡಿಯ ಕೊಳವೆ ಹಾಯಿಸಲು ನಗರಾಡಳಿತಕ್ಕೆ ಅನುಭೋಗದ ಹಕ್ಕನ್ನು (ಇನ್ನೊಬ್ಬರ ನೆಲವನ್ನು ಗೊತ್ತಾದ ಬಳಕೆಗೆ ಉಪಯೋಗಿಸುವ ಹಕ್ಕನ್ನು), ಅಂದರೆ ರೂಢಿಯ ಮಾತಿನಲ್ಲಿ ಈಸ್‌ಮೆಂಟನ್ನು, ನೀಡುವ ಪತ್ರ. ಎರಡನೆಯದು, ಹಿತ್ತಿಲಿನ ಹಿಂದಿರುವ ಸಾರ್ವಜನಿಕ ಬಾವಿಯ ಜಾಗಕ್ಕೆ ಹೋಗಿಬರಲು ನಮ್ಮ ಅಜ್ಜ ನಗರಕ್ಕೆ ಬರೆದುಕೊಟ್ಟಿದ್ದ ಕಾಲುದಾರಿಯ ಹಕ್ಕನ್ನು ನಗರವು ಬಿಟ್ಟುಕೊಡುವ ಪತ್ರ. ಹಕ್ಕು ಕೊಡುವ ಪತ್ರವನ್ನು ಈ ಕಚೇರಿ ಸಾಧಾರಣ ಮಟ್ಟದಲ್ಲಿ ಆರಂಭಿಸಿ, ನಾವು ಬೆನ್ನು ಹತ್ತಿದ ಮೇಲೆ ಸರಿಪಡಿಸಿತು. ಹಕ್ಕು ಮುಗಿಸುವ ಪತ್ರವನ್ನು ಮೊದಲ ದಿನದಿಂದಲೇ ಅತ್ಯಂತ ಎಚ್ಚರದಿಂದ ಮಾಡಿತು. ಇಂಥ ಸೇವೆಯನ್ನು ಅಳೆಯಬೇಕಾದದ್ದು ಅದು ಹಕ್ಕಿನ ಕೊನೆಯನ್ನು ಹೇಗೆ ಬರೆಯುತ್ತದೆ ಎಂಬುದರಿಂದ ಎಂದು ನಂಬಿರುವ ನಾನು, ಆ ಕಾರಣಕ್ಕಾಗಿಯೇ ಈ ಕಚೇರಿಯ ದೋಷಗಳ ನಡುವೆಯೂ ಅದಕ್ಕೆ ಒಳ್ಳೆಯ ಅಂಕಗಳನ್ನೇ ಕೊಡುತ್ತೇನೆ. ಕಚೇರಿ ಚಿಕ್ಕದು, ದೂರುಗಳೂ ಮುಂದೆ ಬರಲಿವೆ. ಆದ್ದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಈ ಊರಿನಲ್ಲಿ ಇಂಥ ಪತ್ರಗಳ ಅಗತ್ಯ ಇಷ್ಟೊಂದು ಬೀಳುವುದಕ್ಕೆ ನೆಲದ ಏರಿಳಿತವೇ ಕಾರಣ. ಕದ್ರಿ, ಬಿಜೈ, ಕಂಕನಾಡಿ, ಕುಲಶೇಖರಗಳ ಕೆಂಪುಕಲ್ಲಿನ ಗುಡ್ಡೆಗಳ ಮೇಲೆ ಸುರಿಯುವ ಮಳೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿದ್ದು, ಆ ನೀರೆಲ್ಲ ಒಂದು ಕಾಲಕ್ಕೆ ಗದ್ದೆಗಳಾಗಿದ್ದ ತಗ್ಗುಗಳಿಗೆ ಇಳಿದು, ತೋಡುಗಳ ಮೂಲಕ ನೇತ್ರಾವತಿಯನ್ನೋ ಫಲ್ಗುಣಿಯನ್ನೋ ಸೇರುತ್ತದೆ. ಒಳಚರಂಡಿಯೂ ಇದೇ ಇಳಿಜಾರನ್ನು ನಂಬಿ, ತಗ್ಗಿನಲ್ಲಿರುವ ವೆಟ್‌ವೆಲ್‌ಗಳವರೆಗೆ (ಕೊಳಚೆ ನೀರು ಸಂಗ್ರಹವಾಗುವ ಗುಂಡಿಗಳವರೆಗೆ) ತಾನಾಗಿ ಹರಿದು, ಅಲ್ಲಿಂದ ಪಂಪಿನ ಬಲದಲ್ಲಿ ಕಾವೂರು, ಬಜಾಲ್ ಮುಂತಾದೆಡೆಗಳ ಶುದ್ಧೀಕರಣ ಘಟಕಗಳಿಗೆ ಹೋಗುತ್ತದೆ. ರಸ್ತೆಗಳು ಹೆಚ್ಚಾಗಿ ಗುಡ್ಡೆಯ ಏಣನ್ನು ಹಿಡಿದರೆ, ನೀರು ತಗ್ಗನ್ನು ಹಿಡಿಯುತ್ತದೆ. ಹೀಗಾಗಿ ಕೊಳವೆಯು ರಸ್ತೆಯನ್ನು ಬಿಟ್ಟು ಯಾರದಾದರೊಬ್ಬರ ತೆಂಗಿನ ಬುಡದಿಂದ, ಯಾರದಾದರೊಬ್ಬರ ಪಾಗಾರದ ಅಡಿಯಿಂದ ಹಾಯಲೇಬೇಕಾಗುತ್ತದೆ. ಕೊಟ್ಟಾರ ಚೌಕಿಯ ಸುತ್ತಮುತ್ತ ಮಳೆಗಾಲದಲ್ಲಿ ನಿಲ್ಲುವ ನೀರನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಾನೂನಿನ ನೆಲೆಗಟ್ಟೂ ಇಲ್ಲಿ ಹಳೆಯದು. ದಕ್ಷಿಣ ಕನ್ನಡವು 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ, 1882ರ ಈಸ್‌ಮೆಂಟ್ ಕಾಯ್ದೆಯು ಆ ವರ್ಷದ ಜುಲೈ 1ರಿಂದಲೇ ಈ ನೆಲದಲ್ಲಿ ಜಾರಿಯಲ್ಲಿದೆ. ಸ್ವತ್ತು ವರ್ಗಾವಣೆ ಕಾಯ್ದೆಯೂ ಅದೇ ದಿನ ಜಾರಿಗೆ ಬಂದಿತು. ಇಲ್ಲಿನ ಹಳೆಯ ಕ್ರಯಪತ್ರ, ಪಾಲುಪಟ್ಟಿಗಳನ್ನು ತೆರೆದರೆ ಚೆಕ್ಕುಬಂದಿಯ, ಅಂದರೆ ನಾಲ್ಕು ಗಡಿಗಳ ವಿವರದ, ಕೊನೆಗೆ ‘ಮಾಮೂಲು ದಾರಿ, ನೀರು ಮುಂತಾದ ಹಕ್ಕುಗಳ ಸಹಿತ’ ಎಂಬ ಸಾಲು ತಪ್ಪದೆ ಸಿಗುತ್ತದೆ. ಆ ಸಾಲು ಯಾವ ದಾರಿ, ಎಷ್ಟು ಅಗಲ, ಯಾರಿಗಾಗಿ, ಎಲ್ಲಿಯವರೆಗೆ ಎಂಬುದನ್ನು ಹೇಳುವುದಿಲ್ಲ. ಮೂರು ತಲೆಮಾರು ಹೀಗೆ ಬರೆದುದರ ಫಲವನ್ನು ನಾಲ್ಕನೆಯ ತಲೆಮಾರು ಸಿವಿಲ್ ನ್ಯಾಯಾಲಯದಲ್ಲಿ ಉಣ್ಣುತ್ತಿದೆ.

ಕಚೇರಿಯ ಸೇವೆಯಲ್ಲಿ ನನಗೆ ಮೊದಲು ಮೆಚ್ಚಿಗೆಯಾದದ್ದು ಹಳೆಯ ಕಾಗದಗಳ ಹುಡುಕಾಟ. ಹೆಚ್ಚಿನ ಕಡೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಋಣಭಾರ ಪ್ರಮಾಣಪತ್ರವನ್ನು ತೆಗೆದು, ಅದರಲ್ಲಿ ಸಾಲದ ಅಡವು ಕಾಣದಿದ್ದರೆ ಸ್ವತ್ತು ನಿರಾಳವಾಗಿದೆ ಎಂದು ಹೇಳಿ ಮುಗಿಸುತ್ತಾರೆ. ಋಣಭಾರ ಪ್ರಮಾಣಪತ್ರವು ಯಾವ ಯಾವ ದಸ್ತಾವೇಜುಗಳು ನೋಂದಣಿಯಾಗಿವೆ ಎಂಬುದನ್ನಷ್ಟೇ ತೋರಿಸುತ್ತದೆ. ಒಂದು ಪಾಲುಪಟ್ಟಿಯ ಒಳಪುಟದಲ್ಲಿ ಯಾರಿಗೋ ಬರೆದುಕೊಟ್ಟ ದಾರಿಯ ಹಕ್ಕು ಅದರಲ್ಲಿ ಬೇರೆ ನಮೂದಾಗಿ ಬರುವುದಿಲ್ಲ. ಈ ಕಚೇರಿಯ ಹಿರಿಯ ಬರಹಗಾರರು ಹಳೆಯ ಇಂಡೆಕ್ಸ್ ಪುಸ್ತಕಗಳಲ್ಲಿ ಅಜ್ಜನ ಹೆಸರನ್ನು ಹುಡುಕಿಸಿ, ದಸ್ತಾವೇಜಿನ ನಕಲನ್ನು ತರಿಸಿ, ಆ ಕೈಬರಹವನ್ನು ಸಾಲು ಸಾಲಾಗಿ ಓದಿ ನಮಗೆ ಬೆರಳಚ್ಚು ಪ್ರತಿ ಮಾಡಿಕೊಟ್ಟರು. ಇತರ ಹಕ್ಕು ಮತ್ತು ಋಣಗಳನ್ನು ನಮೂದಿಸುವ ಪಹಣಿಯ 11ನೇ ಅಂಕಣವನ್ನು ಎಫ್‌ಎಂಬಿ ನಕ್ಷೆಯೊಂದಿಗೆ (ಜಮೀನಿನ ಅಳತೆ ಪುಸ್ತಕದ ನಕ್ಷೆಯೊಂದಿಗೆ) ಹೋಲಿಸಿ ನೋಡುವ ಕೆಲಸವನ್ನು ಸರ್ವೇಯರ್ ಮಾಡಿದರು. ಕಾಲುದಾರಿಯು ನಕ್ಷೆಯಲ್ಲಿ ಒಂದು ಕಡೆ, ನೆಲದಲ್ಲಿ ಇನ್ನೊಂದು ಕಡೆ ಇದ್ದುದು ತಿಳಿದುಬಂದದ್ದು ಹೀಗೆ. ನೆಲದ ಮೇಲೆ ತಡಮೆ ಹಾಕಿದ್ದ ಜಾಗವನ್ನೇ ದಾರಿಯೆಂದು ನಾವೆಲ್ಲರೂ ಭಾವಿಸಿದ್ದೆವು. ಪತ್ರದಲ್ಲಿದ್ದ ದಾರಿ ಈಗಿನ ಕೊಟ್ಟಿಗೆಯ ಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು.

ಮುಂದಿನ ಹಂತದಲ್ಲಿ ವಕೀಲರು ನಮ್ಮ ಮುಂದಿದ್ದ ಆಯ್ಕೆಗಳನ್ನು ವಿವರಿಸಿದ ರೀತಿ ಬಹಳ ಸ್ಪಷ್ಟವಾಗಿತ್ತು. ನೆಲವನ್ನೇ ದಾನಪತ್ರ ಅಥವಾ ಪರಿತ್ಯಾಜನಾ ಪತ್ರದ ಮೂಲಕ ನಗರಕ್ಕೆ ಬಿಟ್ಟುಕೊಟ್ಟರೆ ಒಡೆತನವೇ ಹೋಗುತ್ತದೆ. ಕಟ್ಟಡ ಪರವಾನಿಗೆಯ ಸಮಯದಲ್ಲಿ ರಸ್ತೆ ಅಗಲೀಕರಣಕ್ಕೆ ಬಿಡುವ ಅಂಚು ಈ ಬಗೆಯದು. ಅದು ಸಾರ್ವಜನಿಕ ಬೀದಿಯ ಭಾಗವಾದ ಮೇಲೆ ಮರಳಿ ನಮ್ಮದಾಗುವ ಆಸೆ ಇಟ್ಟುಕೊಳ್ಳುವಂತಿಲ್ಲ, ಏಕೆಂದರೆ ಒಮ್ಮೆ ಸಾರ್ವಜನಿಕ ರಸ್ತೆಯಾದದ್ದು ಸದಾ ಸಾರ್ವಜನಿಕ ರಸ್ತೆಯೇ ಎಂಬುದು ನ್ಯಾಯಾಲಯಗಳು ಪಾಲಿಸಿಕೊಂಡು ಬಂದ ತತ್ತ್ವ. ಇನ್ನೊಂದು ತುದಿಯಲ್ಲಿ ಛಾಪಾಕಾಗದದ ಮೇಲೆ ಬರೆದುಕೊಡುವ ಒಪ್ಪಿಗೆ ಪತ್ರವಿದೆ. ಈಸ್‌ಮೆಂಟ್ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದು ಬರಿಯ ಅನುಮತಿ. 59ನೇ ಕಲಮಿನಂತೆ ನಾಳೆ ನಾವು ಜಾಗವನ್ನು ಮಾರಿದರೆ ಕೊಂಡವರು ಆ ಅನುಮತಿಗೆ ಬದ್ಧರಲ್ಲ. ಕೊಳವೆ ಹಾಕಿಸುವ ನಗರಕ್ಕೆ ಇದು ಸಾಲದು. ಹಾಗೆಂದು ಅನುಮತಿಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂಬ ಧೈರ್ಯವೂ ನಮಗಿರಲಾರದು, ಏಕೆಂದರೆ ಅನುಮತಿಯನ್ನು ನಂಬಿ ಹಣ ಖರ್ಚು ಮಾಡಿ ಶಾಶ್ವತ ಸ್ವರೂಪದ ಕಾಮಗಾರಿ ಮಾಡಿದ್ದರೆ 60ನೇ ಕಲಮು ಅದಕ್ಕೆ ಅಡ್ಡಬರುತ್ತದೆ. ಇವೆರಡರ ನಡುವೆ ನಿಲ್ಲುವ ಈಸ್‌ಮೆಂಟಿನಲ್ಲಿ ನೆಲ ನಮ್ಮದೇ ಆಗಿ ಉಳಿಯುತ್ತದೆ, ನಗರಕ್ಕೆ ಗೊತ್ತುಪಡಿಸಿದ ನೆಲದ ಪಟ್ಟಿಯಲ್ಲಿ ಗೊತ್ತುಪಡಿಸಿದ ಬಳಕೆಯ ಹಕ್ಕು ಮಾತ್ರ ಸಿಗುತ್ತದೆ, ಮತ್ತು ಆ ಹಕ್ಕು ಮುಂದಿನ ಖರೀದಿದಾರರನ್ನೂ ಕಟ್ಟಿಹಾಕುತ್ತದೆ. ಈ ವಿವರಣೆಗೆ ಪ್ರತ್ಯೇಕ ಸಲಹಾ ಶುಲ್ಕವನ್ನು ಅವರು ತೆಗೆದುಕೊಳ್ಳಲಿಲ್ಲ.

ಇಷ್ಟು ಚೆನ್ನಾಗಿ ವಿವರಿಸಿದವರೇ ಹಕ್ಕು ನೀಡುವ ಪತ್ರದ ಮೊದಲ ಕರಡನ್ನು ಯಾವುದೋ ಅಮೆರಿಕನ್ ಮಾದರಿಯಿಂದ ಎತ್ತಿಕೊಂಡಿದ್ದರು ಎಂಬುದು ನನ್ನ ಮುಖ್ಯ ದೂರು. ಅಲ್ಲಿನ ನಗರಗಳಲ್ಲಿ ಕೊಳವೆ, ತಂತಿಗಳಿಗಾಗಿ ಯಾವ ಜಮೀನಿಗೂ ಅಂಟಿಕೊಳ್ಳದ ಹಕ್ಕನ್ನು ನೇರವಾಗಿ ನಗರಕ್ಕೇ ಕೊಡುವುದು ರೂಢಿ. ಅದು ಬೇಡವಾದಾಗ ನಗರದ ಕೌನ್ಸಿಲು ನೋಟಿಸು ಹೊರಡಿಸಿ, ಕೊಳವೆ ಅಥವಾ ತಂತಿ ಇರುವ ಸಂಸ್ಥೆಗಳ ಅಭಿಪ್ರಾಯ ಕೇಳಿ, ಕಟ್ಟಳೆಯೊಂದನ್ನು ಅಂಗೀಕರಿಸಿ ಹಕ್ಕನ್ನು ತೆರವುಗೊಳಿಸುತ್ತದೆ. ನಮ್ಮ ಕಾಯ್ದೆಯ 4ನೇ ಕಲಮು ಬೇರೆಯದನ್ನೇ ಕೇಳುತ್ತದೆ. ಒಂದು ನಿರ್ದಿಷ್ಟ ಜಮೀನಿನ ಉಪಯುಕ್ತ ಅನುಭೋಗಕ್ಕಾಗಿ ಇನ್ನೊಬ್ಬರ ಜಮೀನಿನ ಮೇಲೆ ಇರುವ ಹಕ್ಕೇ ಈಸ್‌ಮೆಂಟ್. ಹಕ್ಕನ್ನು ಪಡೆಯುವ ಸ್ವತ್ತು ಒಂದು, ಹೊರೆಯನ್ನು ಹೊರುವ ಸ್ವತ್ತು ಇನ್ನೊಂದು, ಎರಡೂ ಪತ್ರದಲ್ಲಿ ಇರಬೇಕು. ಕರಡಿನಲ್ಲಿ ನಮ್ಮ ಹಿತ್ತಿಲಿನ ಸರ್ವೆ ನಂಬ್ರ, ಸೆಂಟ್ಸು, ಚೆಕ್ಕುಬಂದಿ ಎಲ್ಲವೂ ಇದ್ದವು, ನಗರದ ಕಡೆಯ ಸ್ವತ್ತು ಯಾವುದೆಂಬ ಮಾತೇ ಇರಲಿಲ್ಲ. ನಾವು ಇದನ್ನು ಎತ್ತಿ ತೋರಿಸಿದ ಬಳಿಕ ಕೊಳವೆ ಹೋಗಿ ಸೇರುವ ವೆಟ್‌ವೆಲ್ಲಿನ ನಿವೇಶನವನ್ನು ಷೆಡ್ಯೂಲಿನಲ್ಲಿ, ಅಂದರೆ ಪತ್ರದ ಸ್ವತ್ತಿನ ವಿವರದಲ್ಲಿ, ಹಕ್ಕಿನ ಸ್ವತ್ತಾಗಿ ಸೇರಿಸಿದರು. ಇದನ್ನು ಗ್ರಾಹಕರು ಹೇಳಿಕೊಡಬೇಕಾಗಿ ಬರಬಾರದಿತ್ತು. ಹಕ್ಕಿನ ಸ್ವತ್ತಿಲ್ಲದ ಪತ್ರವನ್ನು ನ್ಯಾಯಾಲಯವು ಬರಿಯ ಅನುಮತಿಯೆಂದು ಓದಿದರೆ ನಗರಕ್ಕೆ ನಷ್ಟ. ಮಾಲೀಕರಿಗೂ ನಷ್ಟವೇ, ಏಕೆಂದರೆ ಹಕ್ಕಿನ ಮೇಲ್ಮಿತಿಯನ್ನು ಅಳೆಯುವುದು ಆ ಸ್ವತ್ತಿನ ಅಗತ್ಯದಿಂದ. ಅದು ಯಾವುದೆಂದು ಬರೆಯದಿದ್ದರೆ ಇಂದು ಒಂದು ಬೀದಿಯ ಕೊಳವೆ, ನಾಳೆ ಇಡೀ ವಾರ್ಡಿನ ಕೊಳವೆ ಎಂದಾಗಲು ತಡೆಯಿಲ್ಲ.

ತಿದ್ದುಪಡಿಯಾದ ಕರಡು ಮಾತ್ರ ಬಹಳ ಒಳ್ಳೆಯದಾಗಿತ್ತು, ವಿಶೇಷವಾಗಿ ನಮ್ಮ ಮನೆಯ ಬಾವಿಯ ವಿಷಯದಲ್ಲಿ. ಮಂಗಳೂರಿನ ಹಳೆಯ ಹಿತ್ತಿಲುಗಳಲ್ಲಿ ತುಂಬೆಯ ನಳ್ಳಿನೀರು ಬಂದ ಮೇಲೂ ಬಾವಿ ಮುಚ್ಚಿಲ್ಲ. ನಮ್ಮಲ್ಲಿಯೂ ಕುಡಿಯುವುದಕ್ಕೆ ಬಾವಿಯ ನೀರೇ. ಕೆಂಪುಕಲ್ಲು ರಂಧ್ರಮಯವಾದ್ದರಿಂದ ಒಡೆದ ಕೊಳವೆಯ ಕೊಳಕು ಬಾವಿಗೆ ಜಿನುಗಲು ಹೆಚ್ಚು ಹೊತ್ತು ಬೇಡ. ದುರಸ್ತಿಯ ಖರ್ಚು ಹಕ್ಕುದಾರರದೇ ಎಂದು 25ನೇ ಕಲಮೂ, ದುರಸ್ತಿ ಮಾಡದೆ ಹೊರೆಯ ಸ್ವತ್ತಿಗೆ ಹಾನಿಯಾದರೆ ಪರಿಹಾರ ಕೊಡಬೇಕೆಂದು 26ನೇ ಕಲಮೂ ಹೇಳುತ್ತವೆ. ಕಚೇರಿಯವರು ಈ ಎರಡನ್ನೂ ಪತ್ರದ ಷರತ್ತುಗಳಾಗಿ ಇಳಿಸಿ, ಬಾವಿಯಿಂದ ಕೊಳವೆಗಿರಬೇಕಾದ ಕನಿಷ್ಠ ದೂರ, ಮ್ಯಾನ್‌ಹೋಲಿನ ಜಾಗ, ನೀರಿನ ಪರೀಕ್ಷೆ, ದುರಸ್ತಿಗೆ ಬರುವ ಮುನ್ನ ಕೊಡಬೇಕಾದ ಸೂಚನೆ, ಅಗೆದ ಬಳಿಕ ಪಾಗಾರವನ್ನು ಮೊದಲಿನಂತೆ ಕಟ್ಟಿಕೊಡುವ ಹೊಣೆ ಇವೆಲ್ಲವನ್ನೂ ಒಂದೊಂದಾಗಿ ಬರೆದರು. ಪಟ್ಟಿಯೊಳಗಿನ ತೆಂಗಿನ ಮರಗಳನ್ನು ನಕ್ಷೆಯಲ್ಲಿ ಸಂಖ್ಯೆ ಹಾಕಿ ಗುರುತಿಸಿದ್ದು ಸರ್ವೇಯರರ ಸ್ವಂತ ಯೋಚನೆ. ಬೇರೆ ಕಡೆ ನಾನು ನೋಡಿದ ಇಂಥ ಪತ್ರಗಳಲ್ಲಿ ‘ಅಗತ್ಯ ಕಾಮಗಾರಿಗಳನ್ನು ಮಾಡಿಕೊಳ್ಳತಕ್ಕದ್ದು’ ಎಂಬ ಒಂದೇ ಸಾಲಿರುತ್ತದೆ.

ಈ ಪತ್ರದಲ್ಲಿಯೇ ಕೊನೆಯ ಷರತ್ತನ್ನು ಅವರು ಬರೆದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅವಧಿ ಮುಗಿದಾಗ ಅಥವಾ ಗೊತ್ತುಪಡಿಸಿದ ಷರತ್ತು ಘಟಿಸಿದಾಗ ಹಕ್ಕು ಕೊನೆಗೊಳ್ಳುತ್ತದೆ ಎಂದು 40ನೇ ಕಲಮು ಹೇಳುವುದರಿಂದ, ಹಕ್ಕನ್ನು ನೀಡುವಾಗಲೇ ಅದರ ಅಂತ್ಯವನ್ನು ಕಟ್ಟಿಡಲು ಕಾನೂನು ಅವಕಾಶ ಕೊಟ್ಟಿದೆ. ನಮ್ಮ ಪತ್ರದಲ್ಲಿ ನಗರವು ಪರ್ಯಾಯ ಮಾರ್ಗದಲ್ಲಿ ಕೊಳವೆ ಹಾಕಿ, ಹಳೆಯದನ್ನು ಬಳಕೆಯಿಂದ ತೆಗೆದಿರುವುದಾಗಿ ಲಿಖಿತವಾಗಿ ತಿಳಿಸಿದ ದಿನಕ್ಕೆ ಹಕ್ಕು ಮುಗಿಯುತ್ತದೆ. ಆ ಬಳಿಕ ಗೊತ್ತಾದ ಅವಧಿಯೊಳಗೆ ನಗರವು ಬಿಡುಗಡೆ ಪತ್ರವನ್ನು ನೋಂದಾಯಿಸಿಕೊಡಬೇಕು. ನೆಲದಡಿಯ ಕೊಳವೆಯನ್ನು ತೆಗೆಯಬೇಕೋ, ತುಂಬಿ ಮುಚ್ಚಬೇಕೋ ಎಂಬುದನ್ನು ಆಗಿನ ಮಾಲೀಕರು ಹೇಳಬೇಕು. ಇದನ್ನು ಬರೆಯುವ ಮುನ್ನ ನಾನು ಕೇಳಿದ ಪ್ರಶ್ನೆ, ಬಳಸದಿದ್ದರೆ ಹಕ್ಕು ತಾನಾಗಿ ಹೋಗುವುದಿಲ್ಲವೇ ಎಂಬುದು. ವಕೀಲರ ಉತ್ತರ 47ನೇ ಕಲಮಿನಲ್ಲಿತ್ತು. ಬಳಕೆಯಿಲ್ಲದೆ ಹಕ್ಕು ಅಳಿಯಲು ಎಡೆಬಿಡದ 20 ವರ್ಷ ಬೇಕು, ಅದರಲ್ಲೂ ಕೊಳವೆಯಂಥ ನಿರಂತರ ಹಕ್ಕಿನಲ್ಲಿ ಎಣಿಕೆ ಆರಂಭವಾಗುವುದು ಹೊರೆಯ ಸ್ವತ್ತಿನ ಮಾಲೀಕರು ಅದನ್ನು ತಡೆದ ಅಥವಾ ಹಕ್ಕುದಾರರೇ ಅದನ್ನು ಅಸಾಧ್ಯಗೊಳಿಸಿದ ದಿನದಿಂದ. ಮಣ್ಣಿನಡಿಯಲ್ಲಿ ಒಣಗಿ ಬಿದ್ದಿರುವ ಕೊಳವೆಯನ್ನು ಯಾರು ಯಾವ ದಿನ ತಡೆದರೆಂದು ಇಪ್ಪತ್ತು ವರ್ಷಗಳ ನಂತರ ಸಾಬೀತುಪಡಿಸಲು ನಮ್ಮ ಮೊಮ್ಮಕ್ಕಳಿಗೆ ಸಾಧ್ಯವಾಗುವುದೇ?

ಎರಡನೆಯ ಪತ್ರ, ಅಂದರೆ ಕಾಲುದಾರಿಯ ಬಿಡುಗಡೆ, ಹೊರನೋಟಕ್ಕೆ ಸುಲಭದ ಕೆಲಸ. ಬಾವಿಯ ಜಾಗಕ್ಕೆ ಈಗ ಮತ್ತೊಂದು ಬದಿಯಿಂದ ಕಾಂಕ್ರೀಟು ರಸ್ತೆಯಿದೆ, ಹಿತ್ತಿಲ ಮೂಲಕ ಯಾರೂ ನೀರಿಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರ ಅಭಿಪ್ರಾಯ, ಅಗತ್ಯ ಮುಗಿದಿದೆ, ಹಕ್ಕೂ ಮುಗಿದಿದೆ, ಪಾಗಾರ ಕಟ್ಟಿದರಾಯಿತು ಎಂಬುದಾಗಿತ್ತು. ಕಚೇರಿಯವರು ಗೋಡೆಗೆ ಒಂದು ಕಲ್ಲನ್ನೂ ಇಡಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದರು, ಮತ್ತು ಅದಕ್ಕೆ ಕೊಟ್ಟ ಕಾರಣಗಳಿಂದಲೇ ಈ ಸೇವೆಯ ಬಗ್ಗೆ ನನ್ನಲ್ಲಿ ಗೌರವ ಮೂಡಿತು.

ಅಗತ್ಯ ಮುಗಿದಾಗ ಹಕ್ಕು ಮುಗಿಯುವ ನಿಯಮ 41ನೇ ಕಲಮಿನದು, ಮತ್ತು ಅದು ಅನ್ವಯಿಸುವುದು ಅನಿವಾರ್ಯತೆಯಿಂದ ಹುಟ್ಟಿದ ದಾರಿಗೆ ಮಾತ್ರ. ಒಂದೇ ಜಮೀನು ಎರಡು ಪಾಲಾಗಿ, ಒಳಗಿನ ಪಾಲಿಗೆ ಬೇರೆ ದಾರಿಯೇ ಇಲ್ಲದಾಗ 13ನೇ ಕಲಮು ಹುಟ್ಟಿಸುವ ದಾರಿ ಅದು. ಅಜ್ಜ ಕೊಟ್ಟದ್ದು ಪತ್ರದ ಮೂಲಕ ನೀಡಿದ ಹಕ್ಕು. ಹಾಗೆ ನೀಡಿದ ಹಕ್ಕು ಪರ್ಯಾಯ ದಾರಿ ಬಂದ ಮಾತ್ರಕ್ಕೆ ನಾಶವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2006ರ ತೀರ್ಪೊಂದರಲ್ಲಿ ಹೇಳಿದೆ. ನಿಷ್ಪ್ರಯೋಜಕವಾದ ಹಕ್ಕು ಅಳಿಯುತ್ತದೆ ಎನ್ನುವ 42ನೇ ಕಲಮನ್ನು ಹಿಡಿಯೋಣವೆಂದರೆ, ಯಾವ ಕಾಲದಲ್ಲಿಯೂ ಯಾವ ಸಂದರ್ಭದಲ್ಲಿಯೂ ಹಕ್ಕುದಾರರಿಗೆ ಪ್ರಯೋಜನವಾಗದ ಸ್ಥಿತಿಯನ್ನು ಅದು ಬಯಸುತ್ತದೆ. ಬಾವಿಯ ಹೂಳೆತ್ತಿ ಮತ್ತೆ ಬಳಕೆಗೆ ತರಲು ನಾಳೆ ನಗರ ತೀರ್ಮಾನಿಸಿದರೆ ಆ ವಾದ ನಿಲ್ಲದು. ಇಪ್ಪತ್ತು ವರ್ಷ ಬಳಸಿಲ್ಲ ಎನ್ನೋಣವೆಂದರೆ, ಕಾಲುದಾರಿಯಂಥ ಬಿಟ್ಟು ಬಿಟ್ಟು ಬಳಸುವ ಹಕ್ಕಿನಲ್ಲಿ ಲೆಕ್ಕ ಕೊನೆಯ ಬಳಕೆಯ ದಿನದಿಂದ ಶುರುವಾಗುತ್ತದೆ, ಬಾವಿಯನ್ನು ಶುಚಿಗೊಳಿಸಲು ಯಾರಾದರೂ ಆ ದಾರಿಯಲ್ಲಿ ಬಂದಿದ್ದರೆ ಲೆಕ್ಕವೂ ಅಂದಿನಿಂದಲೇ ಹೊಸದಾಗುತ್ತದೆ. ಇದರ ಜೊತೆಗೆ, ಈ ಬಗೆಯ ಹಕ್ಕನ್ನು ಉಳಿಸಿಕೊಳ್ಳುವ ಇಚ್ಛೆಯನ್ನು ಹಕ್ಕುದಾರರು ಅವಧಿಯೊಳಗೆ ಒಂದು ಘೋಷಣೆಯಾಗಿ ನೋಂದಾಯಿಸಿದರೆ ನೋಂದಣಿಯ ದಿನದಿಂದ ಮತ್ತೆ 20 ವರ್ಷ ಹಕ್ಕು ಅಳಿಯುವುದಿಲ್ಲ ಎಂಬ ವಿನಾಯಿತಿಯೂ ಅದೇ ಕಲಮಿನಲ್ಲಿದೆ. ಆ ಘೋಷಣೆ ಎಲ್ಲಾದರೂ ಇದೆಯೇ ಎಂದು ಹುಡುಕಿ, ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಅವರು ಮುಂದುವರಿದರು. ಈ ಊರಿನಲ್ಲಿ ಇಷ್ಟು ದೂರ ಯೋಚಿಸುವ ಮತ್ತೊಂದು ಕಚೇರಿಯನ್ನು ನಾನು ಕಂಡಿಲ್ಲ.

ಉಳಿದದ್ದು 38ನೇ ಕಲಮಿನ ಬಿಡುಗಡೆ. ಹಕ್ಕುದಾರರು ತಮ್ಮ ಸ್ವತ್ತನ್ನು ಯಾವ ಸಂದರ್ಭದಲ್ಲಿ, ಎಷ್ಟರ ಮಟ್ಟಿಗೆ ಪರಭಾರೆ ಮಾಡಬಲ್ಲರೋ ಅಷ್ಟರ ಮಟ್ಟಿಗೆ ಮಾತ್ರ ಹಕ್ಕನ್ನು ಬಿಟ್ಟುಕೊಡಬಲ್ಲರು ಎಂದು ಆ ಕಲಮು ಹೇಳುತ್ತದೆ. ನೆರೆಮನೆಯವರ ಜೊತೆಗಿನ ವ್ಯವಹಾರದಲ್ಲಿ ಈ ಮಾತು ಯಾರ ಗಮನಕ್ಕೂ ಬರುವುದಿಲ್ಲ, ಎದುರು ಪಕ್ಷ ನಗರವಾದಾಗ ಇಡೀ ಪತ್ರ ನಿಲ್ಲುವುದು ಅಥವಾ ಬೀಳುವುದು ಇದರ ಮೇಲೆಯೇ. ನಗರದ ಸ್ವತ್ತು ಒಬ್ಬ ಅಧಿಕಾರಿಯದಲ್ಲ; ಅದನ್ನು ಪರಭಾರೆ ಮಾಡಲು ಕೌನ್ಸಿಲಿನ ನಿರ್ಣಯವೂ, 1976ರ ಪಾಲಿಕೆಗಳ ಕಾಯ್ದೆ ಕೇಳುವ ಕಡೆ ಸರ್ಕಾರದ ಮಂಜೂರಾತಿಯೂ ಬೇಕಾದರೆ, ಬಿಡುಗಡೆಗೂ ಅದೇ ಬೇಕು. ವಾರ್ಡಿನ ಇಂಜಿನಿಯರರ ಬಾಯಿಮಾತು, ಬಾವಿ ಬಳಕೆಯಲ್ಲಿಲ್ಲ ಎಂಬ ಹಿಂಬರಹ, ಆಕ್ಷೇಪವಿಲ್ಲ ಎಂಬ ಪತ್ರ ಇವು ಯಾವುವೂ ಹಕ್ಕನ್ನು ಕೊನೆಗೊಳಿಸುವುದಿಲ್ಲ. ನಮ್ಮ ಬಿಡುಗಡೆ ಪತ್ರದ ಪೀಠಿಕೆಯಲ್ಲಿ ನಿರ್ಣಯದ ಸಂಖ್ಯೆ, ದಿನಾಂಕ ಮತ್ತು ಸಹಿ ಹಾಕುವ ಅಧಿಕಾರವನ್ನು ಯಾವ ಆದೇಶದಿಂದ ಪಡೆಯಲಾಗಿದೆ ಎಂಬುದನ್ನು ಬರೆದು, ನಿರ್ಣಯದ ದೃಢೀಕೃತ ಪ್ರತಿಯನ್ನು ಪತ್ರಕ್ಕೆ ಲಗತ್ತಿಸಲಾಗಿದೆ. ಚುನಾಯಿತ ಕೌನ್ಸಿಲು ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಯ ಆದೇಶವನ್ನು ಹೇಗೆ ಉಲ್ಲೇಖಿಸಬೇಕು ಎಂಬುದಕ್ಕೂ ಕಚೇರಿಯಲ್ಲಿ ಸಿದ್ಧ ಒಕ್ಕಣೆ ಇದೆ. ಸ್ಥಿರಸ್ವತ್ತಿನಲ್ಲಿ 100 ರೂಪಾಯಿ ಅಥವಾ ಅದಕ್ಕೂ ಮಿಕ್ಕಿದ ಬೆಲೆಯ ಹಕ್ಕನ್ನು ಸೃಷ್ಟಿಸುವ ಅಥವಾ ನಂದಿಸುವ ಪತ್ರಗಳೆರಡನ್ನೂ ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆಯ 17ನೇ ಕಲಮು ಹೇಳುವುದರಿಂದ, ಬಿಡುಗಡೆಯನ್ನೂ ನೀಡಿಕೆಯಷ್ಟೇ ವಿಧಿವತ್ತಾಗಿ ಉಪನೋಂದಣಾಧಿಕಾರಿಯ ಮುಂದೆ ತರಲಾಯಿತು.

ಇಲ್ಲಿ ಕಟ್ಟಡ ಪರವಾನಿಗೆಯ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ಅನೇಕರು ಇದನ್ನೇ ನಂಬಿ ಮನೆ ಕಟ್ಟುತ್ತಾರೆ. ಹಕ್ಕುದಾರರು ತಮ್ಮ ಹಕ್ಕನ್ನು ಅಸಾಧ್ಯಗೊಳಿಸುವಂಥ ಶಾಶ್ವತ ಕೆಲಸಕ್ಕೆ ಸ್ಪಷ್ಟವಾಗಿ ಅನುಮತಿ ಕೊಟ್ಟು, ಆ ಕೆಲಸ ನಡೆದುಬಿಟ್ಟರೆ ಅದು ಸೂಚಿತ ಬಿಡುಗಡೆಯಾಗುತ್ತದೆ ಎಂದು 38ನೇ ಕಲಮಿನ ವಿವರಣೆ ಹೇಳುವುದು ನಿಜ. ಆ ಆಧಾರದ ಮೇಲೆ, ನಕ್ಷೆಗೆ ಒಪ್ಪಿಗೆ ಸಿಕ್ಕಿತೆಂದರೆ ನಗರವು ದಾರಿಯನ್ನು ಬಿಟ್ಟಂತೆ ಎಂದು ಹೇಳುವ ಕಟ್ಟಡ ಸಲಹೆಗಾರರಿದ್ದಾರೆ. ನಕ್ಷೆ ಪರಿಶೀಲಿಸಿದವರ ಮುಂದೆ ಆ ಹಕ್ಕಿನ ಪತ್ರ ಇತ್ತೇ, ಅದನ್ನು ಬಿಡುವ ಅಧಿಕಾರ ಅವರಿಗಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಈ ವಾದವನ್ನು ನಂಬಿ ಅಡಿಪಾಯ ಹಾಕುವುದು ದುಸ್ಸಾಹಸವೆಂದೇ ನನಗೆ ತೋರುತ್ತದೆ. ಅದೇ ಕಲಮಿನ ಎರಡನೆಯ ವಿವರಣೆಯು ಬರಿಯ ಬಳಸದಿರುವಿಕೆ ಸೂಚಿತ ಬಿಡುಗಡೆಯಲ್ಲ ಎಂದೂ ಸ್ಪಷ್ಟಪಡಿಸಿದೆ.

ಸೇವೆಯ ಕೊರತೆಗಳಿಗೆ ಬರುತ್ತೇನೆ. ಹಿತ್ತಿಲಿನ ಒಂದು ಭಾಗ ಬ್ಯಾಂಕಿನಲ್ಲಿ ಅಡವಿದ್ದುದನ್ನು ನಾವು ಮೊದಲ ಭೇಟಿಯಲ್ಲೇ ಹೇಳಿದ್ದೆವು. ಅಡವಿಟ್ಟ ಮಾಲೀಕರು ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ, ಸಾಲಕ್ಕೆ ಭದ್ರತೆ ಕಡಿಮೆ ಬೀಳುವಂತೆ ಮಾಡುವ ಹೊರೆಯನ್ನು ಸ್ವತ್ತಿನ ಮೇಲೆ ಹೇರುವಂತಿಲ್ಲ ಎಂಬುದು 10ನೇ ಕಲಮಿನ ನಿಯಮ; ಹಾಗಾಗಿ ಬ್ಯಾಂಕಿನ ಒಪ್ಪಿಗೆಯನ್ನು ಆರಂಭದಲ್ಲೇ ಕೇಳಬೇಕಿತ್ತು. ಕಚೇರಿಯವರಿಗೆ ಅದು ನೆನಪಾದದ್ದು ನೋಂದಣಿಗೆ ಸಮಯ ಗೊತ್ತುಪಡಿಸಿದ ಮೇಲೆ. ಗೊತ್ತುಪಡಿಸಿದ ಸಮಯವನ್ನು ರದ್ದುಪಡಿಸಿ, ಬ್ಯಾಂಕಿನ ಕಾನೂನು ವಿಭಾಗದ ಉತ್ತರಕ್ಕಾಗಿ ಕಾಯಬೇಕಾಯಿತು. ಕರಡುಗಳನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸುತ್ತಾರೆ, ಯಾವುದು ಕೊನೆಯ ಪ್ರತಿ ಎಂಬುದನ್ನು ಗುರುತಿಸುವುದಿಲ್ಲ. ಒಮ್ಮೆ ತಿದ್ದಿದ ಪಟ್ಟಿಯ ಅಗಲ ಮತ್ತೊಂದು ಪ್ರತಿಯಲ್ಲಿ ಹಳೆಯದಾಗಿಯೇ ಬಂದಿತ್ತು. ವಕೀಲರು ಫೋನಿಗೆ ಸಿಗುವುದು ಸಂಜೆ ಮಾತ್ರ. ಬರಹಗಾರರ ಕನ್ನಡ ಚೊಕ್ಕವಾಗಿದ್ದರೂ ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ಗಳ ಹೊರೆಯಲ್ಲಿ ಯಾವ ಸ್ವತ್ತನ್ನು ಕುರಿತು ಹೇಳುತ್ತಿದ್ದಾರೆಂದು ತಿಳಿಯಲು ಕೆಲವು ವಾಕ್ಯಗಳನ್ನು ಮತ್ತೆ ಮತ್ತೆ ಓದಬೇಕಾಗುತ್ತದೆ. ಕೇಳಿಕೊಂಡರೆ ‘ಎ ಷೆಡ್ಯೂಲು’, ‘ಬಿ ಷೆಡ್ಯೂಲು’ ಎಂದು ಬದಲಿಸಿಕೊಡುತ್ತಾರೆ.

ಶುಲ್ಕದ ವಿಷಯದಲ್ಲಿ ನನಗೆ ದೊಡ್ಡ ತಕರಾರಿಲ್ಲ. ಎರಡು ಪತ್ರಗಳಿಗೆ, ಹಳೆಯ ದಾಖಲೆಗಳ ಹುಡುಕಾಟವೂ ಸೇರಿ, 40,000 ರೂಪಾಯಿ ಪಡೆದರು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಮತ್ತು ಅಳತೆಯ ಖರ್ಚು ಬೇರೆ. ಒಂದು ಪುಟದ ಒಪ್ಪಿಗೆ ಪತ್ರವನ್ನು ಕೆಲವು ನೂರು ರೂಪಾಯಿಗೆ ಬರೆದುಕೊಡುವವರು ಕೋರ್ಟು ರಸ್ತೆಯಲ್ಲಿ ಬೇಕಾದಷ್ಟು ಜನ ಇರುವುದರಿಂದ ಇದು ದುಬಾರಿಯೆಂದು ತೋರಬಹುದು. ಮುದ್ರಾಂಕ ಶುಲ್ಕವನ್ನು ಪತ್ರದ ಸ್ವರೂಪ ನೋಡಿ ಲೆಕ್ಕ ಹಾಕುವುದರಿಂದ, ಬರೆಯುವ ಮುನ್ನವೇ ಆ ಅಂದಾಜನ್ನು ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು. ನಮಗೆ ಕೊಟ್ಟ ಅಂದಾಜು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಉಡುಪಿ ಮತ್ತು ಮಣಿಪಾಲದ ಕೆಲಸಗಳನ್ನೂ ಇವರು ಒಪ್ಪಿಕೊಳ್ಳುತ್ತಾರೆ. ಅಲ್ಲಿ ಎದುರು ಪಕ್ಷ ನಗರಸಭೆಯಾದ್ದರಿಂದ 1976ರ ಪಾಲಿಕೆಗಳ ಕಾಯ್ದೆಯ ಬದಲು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ ಅನ್ವಯವಾಗುತ್ತದೆ, ಸಹಿ ಪೌರಾಯುಕ್ತರದಾಗುತ್ತದೆ. ಹಕ್ಕಿನ ಹುಟ್ಟು ಮತ್ತು ಅಂತ್ಯದ ನಿಯಮಗಳು ಮಾತ್ರ ಅದೇ 1882ರ ಕಾಯ್ದೆಯವು. ಉಡುಪಿಯ ಬಂಧುಗಳೊಬ್ಬರ ಕಡತವನ್ನು ಇವರೇ ನೋಡಿಕೊಂಡರು, ಅಲ್ಲಿ ಮಂಗಳೂರಿನ ಒಕ್ಕಣೆಯನ್ನು ಹಾಗೆಯೇ ನಕಲು ಮಾಡಿರಲಿಲ್ಲ ಎಂಬುದನ್ನು ಪತ್ರ ಓದಿ ಹೇಳುತ್ತಿದ್ದೇನೆ. ಅನಿಲ ಕೊಳವೆ ಮಾರ್ಗಕ್ಕೆ ಸಂಬಂಧಿಸಿದವರು ಮಾತ್ರ ಇಲ್ಲಿಗೆ ಬರುವ ಅಗತ್ಯವಿಲ್ಲ. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಮಾರ್ಗದಂಥವುಗಳಲ್ಲಿ ಬಳಕೆಯ ಹಕ್ಕನ್ನು 1962ರ ಕೇಂದ್ರ ಕಾಯ್ದೆಯಡಿ ಅಧಿಸೂಚನೆಯ ಮೂಲಕವೇ ಪಡೆಯುತ್ತಾರೆ, ಪರಿಹಾರದ ದಾರಿಯೂ ಅದೇ ಕಾಯ್ದೆಯಲ್ಲಿದೆ. ಮಾಲೀಕರು ಬರೆದುಕೊಡುವ ಪತ್ರಕ್ಕೆ ಅಲ್ಲಿ ಸ್ಥಾನವಿಲ್ಲ. ಇದನ್ನು ಕಚೇರಿಯವರೇ ಹೇಳಿ ಒಬ್ಬ ಗ್ರಾಹಕರನ್ನು ಶುಲ್ಕವಿಲ್ಲದೆ ವಾಪಸು ಕಳುಹಿಸಿದ್ದನ್ನು ನಾನು ಕಂಡಿದ್ದೇನೆ.

ಇಷ್ಟರಿಂದ ಈ ಸೇವೆ ಯಾರಿಗೆ ತಕ್ಕದ್ದೆಂಬುದು ತಿಳಿಯುತ್ತದೆ. ನಗರದೊಂದಿಗೆ ಹಳೆಯ ದಾರಿ, ತೋಡು, ಬಾವಿ, ಕೊಳವೆಗಳ ಹಕ್ಕು ಉಳಿದಿದ್ದು, ಮುಂದೆ ಜಾಗವನ್ನು ಮಾರುವ ಅಥವಾ ಪಾಲು ಮಾಡುವ ಯೋಚನೆಯಿರುವವರು ಧೈರ್ಯವಾಗಿ ಹೋಗಬಹುದು. ಹೊಸದಾಗಿ ಹಕ್ಕು ನೀಡುವವರು ಹೋಗುವುದಾದರೆ ಮೊದಲ ಕರಡನ್ನು ಬೇರೊಬ್ಬ ವಕೀಲರಿಗೆ ತೋರಿಸಿ, ಹಕ್ಕಿನ ಸ್ವತ್ತು ಷೆಡ್ಯೂಲಿನಲ್ಲಿದೆಯೇ, ಅಡವಿನ ಒಪ್ಪಿಗೆ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಅವಸರದವರಿಗೆ ಇದು ಹಿಡಿಸದು. ಕೌನ್ಸಿಲಿನ ನಿರ್ಣಯ ಬಾರದೆ ಇವರು ಬಿಡುಗಡೆ ಪತ್ರದ ಕರಡನ್ನು ಕೈಗೆ ಕೊಡುವುದೇ ಇಲ್ಲ. ನಮ್ಮ ಕೆಲಸದಲ್ಲಿ ಇನ್ನೊಂದು ಬಾಕಿಯಿದೆ: ಬಿಡುಗಡೆಯಾದ ಕಾಲುದಾರಿಯನ್ನು ನಕ್ಷೆಯಿಂದ ತೆಗೆಸಿ, ಕೊಳವೆಯ ಪಟ್ಟಿಯನ್ನು ಗುರುತಿಸಿದ ಹೊಸ ನಕ್ಷೆಯನ್ನು ಖಾತೆಯ ಕಡತಕ್ಕೆ ಸೇರಿಸುವುದು. ಇದಕ್ಕೆ ಅವರು ಬೇರೆ ಶುಲ್ಕ ಕೇಳಿದ್ದಾರೆ, ಮೊದಲಿನ ಮಾತುಕತೆಯಲ್ಲಿ ಇದು ಸೇರಿತ್ತೆಂಬುದು ನಮ್ಮ ನಿಲುವು. ಸರ್ವೇಯರರು ಅರ್ಧ ಶುಲ್ಕಕ್ಕೆ ಒಪ್ಪಿದ್ದಾರೆ, ವಕೀಲರು ಇನ್ನೂ ಉತ್ತರಿಸಿಲ್ಲ.